ಬಂಗುಡೆಯ ಮುಳ್ಳಿಲ್ಲದ ಬಾಲ್ದಿ

ಸಂಶಯ ನನ್ನ ಹುಟ್ಟುಗುಣ. ಅಂಗಡಿಯಲ್ಲಿ ತರಕಾರಿ ತೂಗುವ ಮೊದಲು ತೂಕದ ಯಂತ್ರ ಸೊನ್ನೆಯಲ್ಲಿದೆಯೇ ಎಂದು ಬಗ್ಗಿ ನೋಡುತ್ತೇನೆ. ಹಾಲಿನ ಪ್ಯಾಕೆಟ್ಟನ್ನು ಮೂಸಿಯೇ ಒಳಗೆ ತರುತ್ತೇನೆ. "ನಿನ್ನ ಎದುರಿಗೆ ದೇವರೇ ಬಂದು ನಿಂತರೂ ಆಧಾರ್ ಕಾರ್ಡ್ ಕೇಳ್ತಿ ಮಾರಾಯ್ತಿ" ಎಂದು ಮನೆಯಲ್ಲಿ ನಗುತ್ತಾರೆ. ಕೇಳಿದರೆ ತಪ್ಪೇನು? ಮಣಿಪಾಲದಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡುವವಳು ನಾನು. ಯಾವ ಪ್ರಯೋಗದ ಫಲಿತಾಂಶ ಕಣ್ಣಿಗೆ ತೀರಾ ಚೆನ್ನಾಗಿ ಕಾಣುತ್ತದೋ ಅದನ್ನೇ ಮೊದಲು ಅನುಮಾನಿಸಿ ಎಂದು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತೇನೆ. ಅವರು ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆಯ ಮೇಲೂ ನನಗೆ ಅನುಮಾನವೇ.

ನನ್ನ ಸಂಶೋಧನೆ ಎಂಜಲಿನದ್ದು. ಮನೆಗಳಲ್ಲಿ ಉಂಡು ಬಿಟ್ಟ ಅನ್ನ, ಹಳಸಿದ ಸಾರು, ತರಕಾರಿ ಸಿಪ್ಪೆ ಎಲ್ಲವನ್ನೂ ಟ್ಯಾಂಕಿಗೆ ಹಾಕಿ ಕೊಳೆಸಿ, ಅದರಿಂದ ಬರುವ ಗ್ಯಾಸಿನಲ್ಲಿ ಒಲೆ ಉರಿಸುವುದು. ಹಳೆಯ ಗೋಬರ್ ಗ್ಯಾಸಿನ ತಂಗಿ ಎನ್ನಿ. ಪ್ರಯೋಗಾಲಯದಲ್ಲಿ ಅದನ್ನು ಯಾರು ಬೇಕಾದರೂ ಮಾಡಿ ತೋರಿಸಬಹುದು. ಜನರ ನಡುವೆ, ಜನರೇ ನಡೆಸುವ ಹಾಗೆ ಮಾಡಬೇಕು ಎಂಬುದು ನನ್ನ ಹಟ. ಹಾಗಾಗಿ ಬೆಳ್ಮಣ್ಣಿನ ಹತ್ತಿರ ಒಂದು ಓಣಿಯನ್ನು ಆರಿಸಿಕೊಂಡೆವು. ಅಲ್ಲಿ ಸರಿಹೋದರೆ ಆಮೇಲೆ ಕಾಪುವಿನ ಕಡಲ ಬದಿಯಲ್ಲಿ, ಕಾರ್ಕಳದ ಸುತ್ತಮುತ್ತ ಎಂದು ಯೋಚನೆ ಇತ್ತು.

ಓಣಿಯ ಹೆಂಗಸರು ಮೊದಲ ಸಭೆಯಲ್ಲಿ ನನ್ನನ್ನು ಕೂರಿಸಿ ಪೊಲೀಸರಂತೆ ವಿಚಾರಣೆ ಮಾಡಿದರು. ಅವರ ಮಹಿಳಾ ಸಂಘದ ಅಧ್ಯಕ್ಷೆ ಬೀಡಿ ಕಟ್ಟುತ್ತಾ ಸಂಸಾರ ಎತ್ತಿದವಳು, ಓಣಿಗೆಲ್ಲ ಕೇಳಿಸುವ ಗಂಟಲು.

"ಸತ್ಯ ಹೇಳಿ ಮೇಡಂ, ನೀವು ಎಂತಕ್ಕೆ ಬಂದದ್ದು? ಜಾಗ ಅಳೀಲಿಕ್ಕಾ?"

"ಅಲ್ಲ. ನಿಮ್ಮ ಎಂಜಲು ಕೇಳ್ಲಿಕ್ಕೆ."

"ನಮ್ಮ ಎಂಜಲು ನಿಮಗೆಂತಕ್ಕೆ?"

"ಗ್ಯಾಸ್ ಮಾಡ್ಲಿಕ್ಕೆ."

"ಮಾಡಿ ಯಾರಿಗೆ ಮಾರ್ತೀರಿ?"

"ಯಾರಿಗೂ ಇಲ್ಲ. ನಿಮಗೇ ಕೊಡುವುದು, ಪುಕ್ಕಟೆ."

ಪುಕ್ಕಟೆ ಎಂದದ್ದೇ ತಡ, ಎಲ್ಲರ ಮುಖದಲ್ಲೂ ಸಂಶಯ ಗಟ್ಟಿಯಾಯಿತು. ಒಬ್ಬಾಕೆ ಮೆಲ್ಲನೆ ಎದ್ದು ಮನೆಗೇ ಹೋದಳು. ಅಬ್ಬಾ, ಇವರು ನನ್ನಂಥವರೇ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಟ್ಯಾಂಕಿ ಸಿಡಿಯುವುದಿಲ್ಲ, ಜಾಗ ಹೋಗುವುದಿಲ್ಲ, ಓಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ನಂಬಿಸಲು ಒಂದು ಮಳೆಗಾಲವೇ ಬೇಕಾಯಿತು.

ಆ ಟ್ಯಾಂಕಿಯ ಗ್ಯಾಸ್ ಒಂದು ಅಡುಗೆಮನೆಗೆ ಮಾತ್ರ ಸಾಕಾಗುವಷ್ಟು. ಯಾರಿಗೆ ಕೊಡುವುದು ಎಂಬಲ್ಲಿ ಜಗಳ ಖಂಡಿತ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಜಗಳವೇ ಆಗಲಿಲ್ಲ. "ಅಮ್ಮನಿಗೆ ಕೊಡಿ" ಎಂದಳು ಅಧ್ಯಕ್ಷೆ. ಉಳಿದವರು ಹೂಂಗುಟ್ಟಿದರು. ಇಷ್ಟು ಮಂದಿ ಇಷ್ಟು ಬೇಗ ಒಮ್ಮತಕ್ಕೆ ಬಂದದ್ದು ನನಗೆ ಸರಿಕಾಣಲಿಲ್ಲ.

ಅಮ್ಮ ಎಂದರೆ ಓಣಿಯ ಕೊನೆಯ ಮನೆಯವರು. ಗಂಡ ಪೌರೋಹಿತ್ಯ ಮಾಡುತ್ತಿದ್ದ ಭಟ್ಟರು, ತೀರಿಹೋಗಿ ಕೆಲವು ವರ್ಷ ಆಗಿತ್ತು. ಅಮ್ಮ ಮಡಿಯಲ್ಲಿ ಅಡುಗೆ ಮಾಡಿ ಕೊಡುತ್ತಿದ್ದರು. ಶ್ರಾದ್ಧಕ್ಕೆ, ಪೂಜೆಗೆ, ವ್ರತದ ಊಟಕ್ಕೆ ಉಡುಪಿಯಿಂದಲೂ ಕಾರ್ಕಳದಿಂದಲೂ ಜನ ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಅವರ ಜೀವನ ನಡೆಯುತ್ತಿದ್ದುದೇ ಅದರಲ್ಲಿ. ಅಷ್ಟು ಅಡುಗೆಗೆ ಸಿಲಿಂಡರ್ ತಂದು ಪೂರೈಸಲಾಗದೆ ಸೌದೆ ಒಲೆಯನ್ನೇ ನೆಚ್ಚಿಕೊಂಡಿದ್ದರು. ಆ ಹೊಗೆ ಎದೆಗೆ ಇಳಿದಿತ್ತು. ಇನ್ನು ಸೌದೆ ಒಲೆಯ ಮುಂದೆ ಕೂರಲೇಬಾರದು ಎಂದು ಮಣಿಪಾಲದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಕೂರದಿದ್ದರೆ ಊಟಕ್ಕೇನು ಮಾಡುವುದೆಂದು ಡಾಕ್ಟರು ಹೇಳಿರಲಿಲ್ಲ.

ಮೊದಲಿಗೆ ಒಂದು ಡೈರಿಯಿಂದ ಸಗಣಿ ತಂದು ಟ್ಯಾಂಕಿ ತುಂಬಿಸಿದೆವು. ಆಮೇಲೆ ದಿನಾ ಎಂಜಲು ತಂದು ಹಾಕುವುದು ಮನೆಮನೆಯವರ ಕೆಲಸ, ಶುಕ್ರವಾರ ಮಾತ್ರ ತೂಕಕ್ಕೆಂದು ಬಾಲ್ದಿಯಲ್ಲಿ ತೆಗೆದಿಡಬೇಕು. ಓಣಿಯಲ್ಲಿ ಒಂದೂ ದನವಿಲ್ಲ, ಎಲ್ಲರ ಮನೆಗೂ ಪ್ಯಾಕೆಟ್ ಹಾಲು. ಸಗಣಿಯ ಬಲದಲ್ಲಿ ಕೆಲವು ತಿಂಗಳು ನೀಲಿ ಬೆಂಕಿ ಚಂದವಾಗಿ ಉರಿಯಿತು. ಅಮ್ಮನ ಕೆಮ್ಮು ಇಳಿಯಿತು. ಒಂದು ದಿನ ನಾನು ಹೋದಾಗ ಅವರು ಒಂದೇ ಉಸಿರಿನಲ್ಲಿ ಉದ್ದದ ಸ್ತೋತ್ರ ಹೇಳಿ ಮುಗಿಸಿ, "ಕೇಳಿದ್ರಾ? ಎಲ್ಲಿಯೂ ನಿಲ್ಲಿಸ್ಲಿಲ್ಲ" ಎಂದು ಮಕ್ಕಳ ಹಾಗೆ ನಕ್ಕರು. ಎಂಜಿನಿಯರಿಂಗ್ ಓದಿದ್ದಕ್ಕೆ ಆ ದಿನ ನನಗೆ ನಿಜವಾಗಿ ಸಂತೋಷವಾಯಿತು.

ಆಮೇಲೆ ಬೆಂಕಿ ಸೊರಗತೊಡಗಿತು. ಹಳದಿಯಾಯಿತು, ಕುಣಿಯಿತು, ಕೊನೆಗೆ ಹಾಲು ಉಕ್ಕಿಸುವುದೇ ಕಷ್ಟವಾಯಿತು. ಅಮ್ಮ ಏನೂ ದೂರಲಿಲ್ಲ. ಸೌದೆ ಒಲೆಯ ಬೂದಿ ತೆಗೆದು ಮತ್ತೆ ಹಚ್ಚಿದರು. ಕೆಮ್ಮು ಮರಳಿತು. ಫೋನಿನಲ್ಲಿ ಅವರ ಮಾತು ಕೇಳಲು ನನಗೆ ಹೆದರಿಕೆಯಾಗುತ್ತಿತ್ತು, ಒಂದು ವಾಕ್ಯಕ್ಕೆ ಎರಡು ಕಡೆ ಉಸಿರು ಸಿಕ್ಕಿಕೊಳ್ಳುತ್ತಿತ್ತು.

ವಾರಕ್ಕೊಮ್ಮೆ, ಶುಕ್ರವಾರ, ಓಣಿಗೆ ಹೋಗಿ ಬಾಲ್ದಿಗಳನ್ನು ತೂಗಿ, ಸ್ವಲ್ಪ ಮಾದರಿ ತರುವುದು ನನ್ನ ಪಿಎಚ್‌ಡಿ ವಿದ್ಯಾರ್ಥಿನಿಯ ಕೆಲಸ. ಗದಗ ಕಡೆಯವಳು, ಮದುವೆಯಾಗಿ ಮಗುವಿನ ತಾಯಿಯಾದ ಮೇಲೆ ಓದಲು ಬಂದವಳು. ಆಕೆಗೆ ತುಳು ಬಾರದ್ದರಿಂದ ಓಣಿಯಲ್ಲಿ ಎಲ್ಲರೂ ಅವಳ ಎದುರು ಪುಸ್ತಕದ ಕನ್ನಡ ಆಡುತ್ತಿದ್ದರು. ಬೆಂಕಿ ಸೊರಗಿದ ಕಾರಣ ಹುಡುಕುತ್ತಾ ಒಂದು ಶುಕ್ರವಾರ ಅವಳು ತಂದ ಡಬ್ಬಿಯ ಮುಚ್ಚಳವನ್ನು ನಾನೇ ತೆರೆದು ನೋಡಿದೆ. ಬಿಳಿ ಬೆಳ್ತಿಗೆ ಅನ್ನ, ಒಂದಷ್ಟು ಬಾಳೆಹಣ್ಣಿನ ಹೋಳು. ಅರಸಿನದ ಕಲೆಯಿಲ್ಲ, ಎಣ್ಣೆಯ ಪಸೆಯಿಲ್ಲ, ನಾತವಿಲ್ಲ.

"ನೋಡ್ರಿ ಮೇಡಂ, ಎಷ್ಟ್ ಸ್ವಚ್ಛ ಐತಿ! ಇಷ್ಟ್ ಛಲೋ ಬ್ಯಾರೆ ಮಾಡಿ ಕೊಡೋ ಮಂದೀನ ನಾ ಎಲ್ಲೂ ನೋಡಿಲ್ರೀ" ಎಂದಳು ಹೆಮ್ಮೆಯಿಂದ.

"ಮೀನಿನ ಮುಳ್ಳು ಎಲ್ಲಿ?"

"ಮೀನಿನ ಮುಳ್ಳಾ? ಅದ್ಯಾಕ್ ಇರಬೇಕ್ರೀ?"

ಅವಳದು ಬೆಳ್ಳುಳ್ಳಿಯನ್ನೂ ಯೋಚಿಸಿ ತಿನ್ನುವ ಮನೆ. ನಾನು ಮೀನಿಲ್ಲದೆ ಅನ್ನ ಇಳಿಯದ ಮನೆಯವಳು. ಆ ಓಣಿಯಲ್ಲಿ ಅಮ್ಮನ ಮನೆಯೊಂದನ್ನು ಬಿಟ್ಟರೆ ಮಧ್ಯಾಹ್ನದ ಹೊತ್ತು ಯಾವ ಬಾಗಿಲಲ್ಲಿ ನಿಂತರೂ ಮೀನು ಸಾರಿನ ಪರಿಮಳ ಮೂಗಿಗೆ ಹೊಡೆಯುತ್ತದೆ. ಅಂಥ ಮನೆಗಳ ಎಂಜಲಿನಲ್ಲಿ ಬಂಗುಡೆಯ ಒಂದು ಮುಳ್ಳಿಲ್ಲ, ಬೂತಾಯಿಯ ತಲೆಯಿಲ್ಲ ಎಂದರೆ ನಂಬುವುದು ಹೇಗೆ? ಅದೂ ಹೋಗಲಿ, ಕುಚ್ಚಲಕ್ಕಿ ಉಣ್ಣುವ ಜನ. ಹಬ್ಬ, ಪೂಜೆಗಷ್ಟೇ ಬೇಯಿಸುವ ಬೆಳ್ತಿಗೆ ಅನ್ನ ಅವರ ಬಾಲ್ದಿಗೆ ಎಲ್ಲಿಂದ ಬಂತು?

ನನ್ನ ತಲೆ ಓಡಿತು, ಎಲ್ಲಿಗೆ ಓಡಬಾರದೋ ಅಲ್ಲಿಗೂ. ಬಸ್ಸಿನ ಪ್ರಯಾಣ ತಪ್ಪಿಸಲು ಇವಳೇ ಹಾಸ್ಟೆಲಿನ ಮೆಸ್ಸಿನಿಂದ ಡಬ್ಬಿ ತುಂಬಿಸಿಕೊಂಡು ಬರುತ್ತಾಳೆಯೇ? ಸುತ್ತಿ ಬಳಸಿ ಕೇಳಿದೆ. ಅವಳಿಗೆ ಕೂಡಲೇ ಅರ್ಥವಾಯಿತು.

"ನನ್ನ ಮ್ಯಾಲೆ ಸಂಶಯ ಏನ್ರೀ ಮೇಡಂ? ಮಗೂನ್ನ ಬಿಟ್ಟು ಬಸ್ಸಿನಾಗ ನಿಂತ್ಕೊಂಡು ಹೋಗಿ ಬರ್ತೀನಿ. ಬೇಕಾದ್ರ ನೀವ ಹೋಗಿ ನೋಡ್ರೀ!"

ಸರಿ, ನೋಡಿಯೇಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಸಂಶಯ ಅಧ್ಯಕ್ಷೆಯ ಮೇಲೆ ತಿರುಗಿತ್ತು. ಓಣಿಯ ಎಂಜಲನ್ನು ಹಂದಿ ಸಾಕುವವರಿಗೆ ಕೊಟ್ಟು, ನಮ್ಮ ಕಣ್ಣಿಗೆ ಮಣ್ಣೆರಚಲು ಯಾವುದೋ ಸಮಾರಂಭದ ಮಿಕ್ಕ ಅನ್ನ ತಂದು ಸುರಿಯುತ್ತಾಳೆ. ಹಾಗೆಂದು ನಾನೇ ತೀರ್ಮಾನ ಮಾಡಿ, ಶುಕ್ರವಾರವಲ್ಲದ ಒಂದು ದಿನ ಬೆಳಗ್ಗೆ ಯಾರಿಗೂ ಹೇಳದೆ ಉಡುಪಿಯಲ್ಲಿ ಬಸ್ಸು ಹತ್ತಿದೆ. ಶಂಕರಪುರದಲ್ಲಿ ಮಲ್ಲಿಗೆಯ ಬುಟ್ಟಿ ಹಿಡಿದು ಹತ್ತಿದ ಹೆಂಗಸು ನನ್ನ ಪಕ್ಕದಲ್ಲಿ ಕುಳಿತು, ನಾನು ಹೂವಿಗೆ ಕೈ ಹಾಕುತ್ತೇನೋ ಎಂಬಂತೆ ಬುಟ್ಟಿಯನ್ನು ಆ ಕಡೆಯ ಮಗ್ಗುಲಿಗೆ ಎಳೆದುಕೊಂಡಳು. ನನಗೆ ಸಿಟ್ಟು ಬರಲಿಲ್ಲ.

ಓಣಿಯ ಬಾಯಲ್ಲಿ ಇಳಿದು, ತೆಂಗಿನಗರಿಯ ಬೇಲಿಯ ಬದಿಯಿಂದ ಟ್ಯಾಂಕಿಯ ಕಡೆ ನಡೆದೆ. ಅಲ್ಲಿ ಕಂಡದ್ದನ್ನು ನಾನು ಊಹಿಸಿಯೇ ಇರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ತಲೆಗೆ ಮಿಂದಿದ್ದರು, ಒದ್ದೆ ಕೂದಲ ತುದಿಗೆ ಗಂಟು ಹಾಕಿದ್ದರು. ಒಬ್ಬೊಬ್ಬರ ಕೈಯಲ್ಲೂ ಬಾಳೆ ಎಲೆ ಮುಚ್ಚಿದ ಬಟ್ಟಲು. ಎಲೆ ಸರಿಸಿದರೆ ಹಬೆಯಾಡುವ ಬಿಳಿ ಅನ್ನ. ಅದನ್ನು ಟ್ಯಾಂಕಿಯ ಬಾಯಿಗೆ ಸುರಿದು, ನೀರು ಹೊಯ್ದು ಹೋಗುತ್ತಿದ್ದರು. ಕೊನೆಗೆ ಅಧ್ಯಕ್ಷೆ ಬಂದಳು.

"ಎಂತ ಇದು?" ಎಂದೆ, ಬೇಲಿಯ ಹಿಂದಿನಿಂದಲೇ.

ಅವಳ ಕೈಯಿಂದ ಬಟ್ಟಲು ಜಾರುವುದು ಸ್ವಲ್ಪದರಲ್ಲಿ ತಪ್ಪಿತು. "ಅಯ್ಯೋ ಮೇಡಂ! ಇವತ್ತು ಶುಕ್ರವಾರ ಅಲ್ವಲ್ಲ?"

"ಅಲ್ಲ, ಅದಕ್ಕೇ ಬಂದದ್ದು. ಯಾರು ಉಂಡು ಬಿಟ್ಟ ಅನ್ನ ಇದು?"

"ಯಾರೂ ಉಣ್ಣಲಿಲ್ಲ. ಉಂಡದ್ದನ್ನು ಹಾಕ್ಲಿಕ್ಕೆ ಆಗ್ತದಾ?"

ನನ್ನ ಪಿತ್ತ ನೆತ್ತಿಗೇರಿತು. "ಗ್ಯಾಸಲ್ಲಿ ಅನ್ನ ಬೇಯಿಸಿ, ಆ ಅನ್ನದಿಂದ ಗ್ಯಾಸ್ ಮಾಡ್ತಾ ಇದ್ದೀರಾ? ತಲೆ ಸರಿ ಉಂಟಾ ನಿಮಗೆ? ಎಂಜಲು ಎಲ್ಲಿ ಹಾಕ್ತೀರಿ?"

"ತೆಂಗಿನ ಬುಡಕ್ಕೆ. ಮೊದಲಿಂದಲೂ ಅಲ್ಲಿಗೇ." ಈಗ ಅವಳ ಧ್ವನಿಯೂ ಏರಿತು. "ಅಮ್ಮ ಮಡಿಯಲ್ಲಿ ಅಡುಗೆ ಮಾಡುವವರು ಮೇಡಂ. ನಾವು ಮೀನು ತಿಂದು ಬಿಟ್ಟದ್ದರ ಬೆಂಕಿ ಅವರ ಒಲೆಗೆ ಬಿಡುವುದಾ? ಟ್ಯಾಂಕಿಗೆ ಎಂತ ಹಾಕ್ತೀರಿ ಅಂತ ಅವರು ಒಂದು ದಿನವೂ ಕೇಳ್ಲಿಲ್ಲ. ಕೇಳದೆ ನಂಬಿದವರಿಗೆ ಮೋಸ ಮಾಡ್ಲಿಕ್ಕೆ ನಮ್ಮಿಂದ ಆಗುದಿಲ್ಲ."

"ಬೆಂಕಿ ಸಣ್ಣ ಆದದ್ದು ಗೊತ್ತುಂಟಲ್ಲ?"

"ಗೊತ್ತುಂಟು. ಅದಕ್ಕೇ ಈಗ ಎಲ್ಲರೂ ಒಂದು ಹಿಡಿ ಜಾಸ್ತಿ ಹಾಕುವುದು."

ಬೆಂಕಿ ಆರುತ್ತಿದ್ದುದೇ ಆ ಹಿಡಿಯಿಂದ. ಬರೀ ಅನ್ನ ಬಿದ್ದು ಬಿದ್ದು ಟ್ಯಾಂಕಿಯ ಒಳಗೆ ಹುಳಿ ಬಂದಿತ್ತು, ಗ್ಯಾಸ್ ಮಾಡುವ ಜೀವಾಣುಗಳು ಸಾಯುತ್ತಿದ್ದವು. ಅವಕ್ಕೆ ಸಿಪ್ಪೆ ಬೇಕು, ಸಾರು ಬೇಕು, ಮೀನು ತೊಳೆದ ನೀರೂ ಬೇಕು. ಅದನ್ನೇ ಹೇಳಿದೆ. ಗ್ಯಾಸ್ ಎಂಬುದು ಗ್ಯಾಸೇ, ಅದರಲ್ಲಿ ಮೀನೂ ಇರುವುದಿಲ್ಲ ಅನ್ನವೂ ಇರುವುದಿಲ್ಲ ಎಂದು ಪಾಠವನ್ನೂ ಮಾಡಿದೆ. ಸುತ್ತ ಸೇರಿದ ಹೆಂಗಸರು ತಾಳ್ಮೆಯಿಂದ ಕೇಳಿಸಿಕೊಂಡರು.

"ನೀವು ಓದಿದವರು, ನಿಮಗೆ ಸರಿ," ಎಂದಳು ಅಧ್ಯಕ್ಷೆ. "ಅಡುಗೆ ತರಿಸುವವರಿಗೆ ಇದನ್ನು ಯಾರು ಹೇಳುವುದು? ಒಬ್ಬರು ಬೇಡ ಅಂದರೆ ಎಲ್ಲರೂ ಬೇಡ ಅಂತಾರೆ. ಅಮ್ಮ ಆಮೇಲೆ ಎಂತ ಉಣ್ಣುವುದು?"

ಎಂಜಲು ಹಾಕದಿದ್ದರೆ ಅಮ್ಮನಿಗೆ ಉಸಿರಿಲ್ಲ, ಹಾಕಿದರೆ ಕೆಲಸವಿಲ್ಲ. ಅಷ್ಟರಲ್ಲಿ ಕೆಮ್ಮು ಕೇಳಿಸಿತು. ನನ್ನದು ದೊಡ್ಡ ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ಗಂಟಲು, ಅಧ್ಯಕ್ಷೆಯದ್ದು ಇನ್ನೂ ಒಂದು ಕೈ ಮೇಲು. ಅಮ್ಮ ತಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೆಲ್ಲನೆ ಇಳಿದು ಬಂದು ಅಧ್ಯಕ್ಷೆಯ ಬಟ್ಟಲನ್ನು ನೋಡಿದರು.

"ದಿನಾ ಹಾಕ್ತಿದ್ದೀರಾ?"

ಅಧ್ಯಕ್ಷೆ ತಲೆ ತಗ್ಗಿಸಿದಳು.

"ಮಿಂದು ಬೇಯಿಸ್ತಿದ್ದೀರಾ? ಬೆಳ್ತಿಗೆ ತಂದು?"

"ಹೌದಮ್ಮ."

ಅವರು ಬೈಯುತ್ತಾರೆಂದೇ ನಾನು ತಿಳಿದದ್ದು. ಬೈದರು ಕೂಡ. "ಉಣ್ಣುವ ಅನ್ನವನ್ನು ಹೊಂಡಕ್ಕೆ ಸುರಿದಿರಲ್ಲ, ದೇವರು ಮೆಚ್ಚುತ್ತಾನಾ? ನನ್ನ ಒಲೆಗೆ ಬೇಕಾಗಿ ನಿಮಗೆ ಈ ಪಾಪ ಎಂತಕ್ಕೆ?" ಎಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನತ್ತ ತಿರುಗಿದರು. "ಮೀನು ಹಾಕದೆ ಆಗುದಿಲ್ವಾ ಮೇಡಂ?"

ಆಗುತ್ತದೆ ಎನ್ನುವುದು ಸುಲಭವಿತ್ತು. ನಾಲ್ಕು ದಿನ ತಟ್ಟೆಯಿಂದ ಮುಳ್ಳು ಹೆಕ್ಕಿ ಬೇರೆ ಮಾಡುತ್ತಾರೆ, ಐದನೆಯ ದಿನ ಬಿಡುತ್ತಾರೆ. ಹೊರಗಿನಿಂದ ಸಗಣಿ ತಂದು ಸುರಿಯಲು ನಾವು ಇಲ್ಲಿ ಎಷ್ಟು ಕಾಲ ಇರುತ್ತೇವೆ? "ಈ ಮನೆಗಳಲ್ಲಿ ಏನು ಉಣ್ತಾರೋ ಅದೇ ಬರಬೇಕಮ್ಮ. ಬೇರೆ ದಾರಿ ಇಲ್ಲ" ಎಂದೆ.

ಅವರು ಒಳಗೆ ಹೋಗಿ ಫೋನು ತಂದರು. ನಮ್ಮೆಲ್ಲರ ಎದುರಿಗೇ ಸ್ಪೀಕರ್ ಹಾಕಿ ಉಡುಪಿಯ ಒಂದು ಮನೆಗೆ ಮಾಡಿದರು, ಮುಂದಿನ ವಾರದ ಶ್ರಾದ್ಧಕ್ಕೆ ಅಡುಗೆ ಹೇಳಿದ್ದವರು. "ಒಂದು ವಿಷಯ ಹೇಳ್ಲಿಕ್ಕುಂಟು. ಇನ್ನು ನನ್ನ ಒಲೆಯ ಗ್ಯಾಸು ನಮ್ಮ ಓಣಿಯ ಎಂಜಲಿನದ್ದು. ಮೀನೂ ಉಂಟು ಅದರಲ್ಲಿ. ಪಾತ್ರೆ, ನೀರು, ಕೈ ಎಲ್ಲ ಮಡಿ. ಬೆಂಕಿ ಮಾತ್ರ ಅದರದ್ದು. ಬೇಡದಿದ್ದರೆ ಈಗಲೇ ಹೇಳಿ." ಆ ಕಡೆಯವರು, "ಮನೆಯಲ್ಲಿ ಕೇಳಿ ಹೇಳ್ತೇನಮ್ಮ" ಎಂದರು. ಅವರು ಮತ್ತೆ ಹೇಳಲೇ ಇಲ್ಲ. ಆಮೇಲೆ ಕಾರ್ಕಳದ ಒಂದು ಮನೆಗೆ ಮಾಡಿದರೆ, ಅವರು ಮಾತ್ರ, "ನಿಮ್ಮ ಕೈ ನಮಗೆ ಗೊತ್ತುಂಟು, ನೀವು ಮಾಡಿ" ಎಂದುಬಿಟ್ಟರು. ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಸರಿಕಾಣಲಿಲ್ಲ. ಮಾತು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅಮ್ಮನಿಂದ ಇನ್ನೊಮ್ಮೆ ಹೇಳಿಸಿದೆ. ಕೇಳಿಸಿತ್ತು.

ಮಣಿಪಾಲಕ್ಕೆ ಮರಳಿ ಆ ಎಲ್ಲ ತಿಂಗಳುಗಳ ಫಲಿತಾಂಶಕ್ಕೆ ಗೀಟು ಹಾಕಿದೆ. ವಿದ್ಯಾರ್ಥಿನಿಯ ಹತ್ತಿರ ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಮಸಾಲೆ ದೋಸೆ ತಿನ್ನಿಸಿದೆ. "ಸಂಶಯಕ್ಕ ಒಂದ ದ್ವಾಸಿ ಸಾಲೂದಿಲ್ರೀ" ಎಂದು ಅವಳು ಎರಡನೆಯದನ್ನೂ ತರಿಸಿಕೊಂಡಳು. ಯೋಜನೆಯ ಪ್ರಗತಿ ನೋಡುವ ಸಮಿತಿಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ಅವರು ನಂಬಲಿಲ್ಲ. ಟ್ಯಾಂಕಿಗೆಂದು ಯಾರಾದರೂ ಅನ್ನ ಬೇಯಿಸುತ್ತಾರೆಯೇ ಎಂದು ಕೇಳಿದರು. ಕಾಪು, ಕಾರ್ಕಳದ ಮಾತು ಅಲ್ಲಿಗೇ ನಿಂತಿತು. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಟ್ಯಾಂಕಿಯ ಹುಳಿಯನ್ನೆಲ್ಲ ತೆಗೆಸಿ, ಹೊಸದಾಗಿ ಸಗಣಿ ತುಂಬಿಸಿ, ಅದು ಹದಕ್ಕೆ ಬರುವವರೆಗೆ ಕಾದೆವು. ಮತ್ತೆ ಎಂಜಲು ಹಾಕಲು ಶುರು ಮಾಡಬೇಕಾದ ದಿನ ಅಮ್ಮ ಓಣಿಯವರನ್ನೆಲ್ಲ ಊಟಕ್ಕೆ ಕರೆದರು. ನನ್ನನ್ನೂ ಕರೆದರು.

ಆ ಮನೆಯ ಚಾವಡಿಯಲ್ಲಿ ಓಣಿಯವರು ಯಾರೂ ಕುಳಿತು ಉಂಡವರಲ್ಲ. ಹಬ್ಬಕ್ಕೆ ಪಾಯಸವೋ ಹೋಳಿಗೆಯೋ ಪಾತ್ರೆಯಲ್ಲಿ ಮನೆಗೆ ಬರುತ್ತಿತ್ತು, ಅಷ್ಟೇ. ಹೆಂಗಸರು ಹೊಸ್ತಿಲ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಂತ ವಿಶೇಷ ಅಮ್ಮ?" ಎಂದಳು ಅಧ್ಯಕ್ಷೆ, ನನ್ನನ್ನು ಮೊದಲ ಸಭೆಯಲ್ಲಿ ಕೇಳಿದ ಅದೇ ದನಿಯಲ್ಲಿ.

"ಎಂತದೂ ಇಲ್ಲ ಮಾರಾಯ್ತಿ, ಊಟ. ಒಳಗೆ ಬನ್ನಿ."

ಬಾಳೆ ಎಲೆ ಹಾಕಿತ್ತು. ಗ್ಯಾಸ್ ಇನ್ನೂ ಒಲೆಗೆ ಬಿಟ್ಟಿರದ ಕಾರಣ ಸೌದೆ ಒಲೆಯಲ್ಲೇ ಮಾಡಿದ ಅಡುಗೆ, ನಡುನಡುವೆ ಕೆಮ್ಮುತ್ತಾ ಅಮ್ಮನೇ ಬಡಿಸಿದರು. ಅಲಸಂಡೆ ಪಲ್ಯ, ಕುಂಬಳಕಾಯಿ ಹುಳಿ, ಸಾರು, ಕಡಲೆಬೇಳೆ ಪಾಯಸ. ಯಾರೂ ಎರಡನೆಯ ಸಲ ಕೇಳಲಿಲ್ಲ. ಬಡಿಸಿದ್ದನ್ನು ಯಾರೂ ಬೇಡವೆನ್ನಲೂ ಇಲ್ಲ.

ಇಂಥ ಮನೆಗಳಲ್ಲಿ ಉಂಡ ಬೇರೆಯವರು ತಮ್ಮ ಎಲೆಯನ್ನು ತಾವೇ ಎತ್ತಬೇಕು. ಅದನ್ನು ಯಾರೂ ಹೇಳುವುದಿಲ್ಲ, ಹೇಳುವ ಅಗತ್ಯವೂ ಬಿದ್ದಿಲ್ಲ. ನಾನು ಪ್ರೊಫೆಸರ್ ಆಗಿ ತಲೆ ಹಣ್ಣಾಗುತ್ತಾ ಬಂದಿದೆ, ಆದರೂ ನನ್ನ ಕೈ ತನ್ನಷ್ಟಕ್ಕೆ ಎಲೆಯ ಅಂಚಿಗೆ ಹೋಗಿತ್ತು. ಅಧ್ಯಕ್ಷೆ ಆಗಲೇ ತನ್ನದನ್ನು ಮಡಚಿ, ಎತ್ತಿಕೊಂಡು ಏಳಲು ಮಂಡಿ ಊರಿದ್ದಳು.

"ಇಡಿ," ಎಂದರು ಅಮ್ಮ.

"ಅಮ್ಮ, ಎಂಜಲು..."

"ಗೊತ್ತುಂಟು. ಅದು ನನಗೆ ಬೇಕು."

ಅಧ್ಯಕ್ಷೆ ಬಿಡಲಿಲ್ಲ, ಎಲೆಯನ್ನು ಎದೆಗೆ ಒತ್ತಿ ಹಿಡಿದಳು. ಅಮ್ಮ ಅವಳ ಮುಂದೆ ಬಗ್ಗಿದರು. ಸಾರು, ಪಾಯಸ ಮೆತ್ತಿದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಲೆ ತೆಗೆದುಕೊಂಡರು. ಆಮೇಲೆ ಪಕ್ಕದವಳ ಎಲೆಗೆ ಕೈ ಹಾಕಿದರು.